ಎರಡನೆಯ ಸಲದ ರೊಟ್ಟಿ

ಆ ವರ್ಷದ ಮಾತು ಬಂದರೆ ನಮ್ಮೂರಲ್ಲಿ ಈಗಲೂ ಮೊದಲು ಏಳುವುದು ಮಳೆಯ ಸುದ್ದಿಯೇ. 2003. ರಾಜ್ಯಕ್ಕೆ ಸತತ ಮೂರನೆಯ ಬರ. ಶ್ರಾವಣ ಹುಟ್ಟಿದರೂ ನಮ್ಮ ರಾಗಿ ಹೊಲಗಳಿಗೆ ಕೂರಿಗೆ ಇಳಿದಿರಲಿಲ್ಲ. ಕೊಳವೆಬಾವಿಗೆ ಸಾಲ ಮಾಡಿದವರು ಒಣಗಿದ ಪೈಪು ನೋಡುತ್ತ ಕೂತಿದ್ದರು. ಪತ್ರಿಕೆ ಬಿಡಿಸಿದರೆ ರೈತರ ಆತ್ಮಹತ್ಯೆ. ಅಂಥ ದಿನಗಳಲ್ಲಿ ನಮ್ಮ ಕಥೋಲಿಕ ಗುಡಿಯ ಸ್ವಾಮಿಯೋರು ನನ್ನನ್ನು ಕರೆಸಿ, "ಭಾನುವಾರದ ಪೂಜೆಗೆ ವಿಶ್ವಾಸಿಗಳ ಪ್ರಾರ್ಥನೆಯನ್ನು ಪುಸ್ತಕದಿಂದ ಓದಿದ್ದು ಸಾಕು. ಇನ್ನು ಮೇಲೆ ನೀನು ಬರೆ" ಎಂದರು. ನಾನಾಗ ಕಾಲೇಜು ಮುಗಿಸಿ ಕೆಲಸ ಹುಡುಕುತ್ತಿದ್ದ ಹುಡುಗ.

ಸ್ವಾಮಿಯೋರು ಲ್ಯಾಟಿನ್‌ನಲ್ಲಿ ಪೂಜೆ ಕಲಿತ ಕಾಲದವರು. ಜನರ ಬಾಯಿಂದ ಬರುವ ಈ ಪ್ರಾರ್ಥನೆ ಶತಮಾನಗಳಿಂದ ಪೂಜೆಯಿಂದ ಕಾಣೆಯಾಗಿತ್ತು, ಶುಭ ಶುಕ್ರವಾರದಲ್ಲಿ ಮಾತ್ರ ಉಳಿದುಕೊಂಡಿತ್ತು ಎಂದು ಅವರೇ ಹೇಳಿದ್ದು. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಅದನ್ನು ಮರಳಿ ತಂದಿತು. 1969ರಲ್ಲಿ ಪೂಜೆಯ ಬೈಬಲ್ ವಾಚನಗಳ ಹೊಸ ಕ್ರಮವೂ ಬಂತು. ಭಾನುವಾರಗಳಿಗೆ ಮೂರು ವರ್ಷದ ಸುತ್ತು: ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ. 2003 ಮಾರ್ಕನ ವರ್ಷ. ಅವನ ಶುಭಸಂದೇಶ ಬರೀ ಹದಿನಾರು ಅಧ್ಯಾಯ, ವರ್ಷಕ್ಕೆ ಸಾಲದು. ಹಾಗಾಗಿ ನಡುವೆ ಐದು ಭಾನುವಾರ ಯೊವಾನ್ನನ ಆರನೆಯ ಅಧ್ಯಾಯವನ್ನು ಓದುತ್ತಾರೆ. ಅದರ ತುಂಬ ರೊಟ್ಟಿಯದೇ ಮಾತು. ಊರಲ್ಲಿ ಹಿಟ್ಟಿಗೆ ತತ್ವಾರ, ಗುಡಿಯಲ್ಲಿ ವಾರ ವಾರವೂ ರೊಟ್ಟಿಯ ಕಥೆ! ಸ್ವಾಮಿಯೋರು ನನಗೆ ಕೆಲಸ ಒಪ್ಪಿಸಿದ್ದು ಸರಿಯಾಗಿ ಆ ಐದು ಭಾನುವಾರಗಳಿಗೆ ಮುಂಚೆ.

ಬರೆಯುವ ಕ್ರಮವನ್ನೂ ಅವರೇ ಹೇಳಿಕೊಟ್ಟರು. ಕೋರಿಕೆಗಳಿಗೆ ಒಂದು ಸಾಲು ಇದೆ. ಮೊದಲು ಧರ್ಮಸಭೆ, ಆಮೇಲೆ ನಾಡು ಆಳುವವರು ಮತ್ತು ಲೋಕ, ಆಮೇಲೆ ಕಷ್ಟದಲ್ಲಿರುವವರು, ಕೊನೆಗೆ ನಮ್ಮೂರು. "ದೇವರಿಗೆ ಸುದ್ದಿ ಓದಿ ಹೇಳಬೇಡ, ಆತನಿಗೆ ಗೊತ್ತು. ಪ್ರಾರ್ಥನೆಯ ನೆಪದಲ್ಲಿ ಜನಕ್ಕೆ ಬುದ್ಧಿಯೂ ಹೇಳಬೇಡ, ಅದಕ್ಕೆ ನಾನಿದ್ದೇನೆ. ಇವತ್ತಿನ ವಾಚನದಲ್ಲಿ ದೇವರು ಏನು ಮಾಡಿದ, ಅದನ್ನು ಮೊದಲು ಆತನಿಗೇ ನೆನಪಿಸು. ಆಮೇಲೆ ಕೇಳು. ರೋಮಿನ ಹಳೆಯ ಪ್ರಾರ್ಥನೆಗಳ ಕಟ್ಟೇ ಅದು." ಇನ್ನೊಂದನ್ನೂ ಒತ್ತಿ ಹೇಳಿದರು: ಗುಡಿಯಲ್ಲಿ ಓದುವಷ್ಟನ್ನೇ ನೋಡಿ ಕೂರಬೇಡ, ಅದರ ಹಿಂದಿನ ಪುಟವನ್ನೂ ತಿರುವು.

ಆಗಸ್ಟ್ 10ರ ಭಾನುವಾರದ ಮೊದಲ ವಾಚನ ಪ್ರವಾದಿ ಎಲೀಯನದು. ರಾಣಿ ಈಜೆಬೆಲಳಿಗೆ ಹೆದರಿ ಓಡಿದ ಎಲೀಯ ಮರುಭೂಮಿಯಲ್ಲಿ ಒಂದು ಮರದಡಿ ಕೂತು, ಸಾಕಾಯಿತು, ನನ್ನ ಪ್ರಾಣ ತೆಗೆದುಕೋ ಎಂದು ದೇವರನ್ನು ಬೇಡಿಕೊಂಡು ಮಲಗಿಬಿಡುತ್ತಾನೆ. ಸ್ವಾಮಿಯೋರ ಮಾತಿನಂತೆ ಹಿಂದಿನ ಪುಟ ತಿರುವಿದೆ. ಅಲ್ಲಿಯೂ ಬರ! ಮೂರನೆಯ ವರ್ಷದಲ್ಲಿ ಮಳೆ ಬರುತ್ತದೆ, ಅದೂ ಎಲೀಯನ ಪ್ರಾರ್ಥನೆಯಿಂದಲೇ, ಧೋ ಎಂದು. ಅಂದರೆ ಅವನು ಸಾಯಬೇಕು ಅಂದದ್ದು ಮಳೆ ಬಂದ ಮೇಲೆ. ಮಳೆಗಾಗಿ ಒಂದು ಕೋರಿಕೆ ಬರೆದಿಟ್ಟುಕೊಂಡಿದ್ದ ನಾನು ಪೆನ್ನು ಕೆಳಗಿಟ್ಟೆ. ಮಳೆ ಬಂದರೆ ಹೊಲ ಹಸಿರಾಗುತ್ತದೆ. ಸಾಲ ಕೊಟ್ಟವನು ಬಾಗಿಲಿಗೆ ಬಂದು ನಿಂತಿರುವಾಗ ಸಾಲ ಹೊತ್ತವನ ಎದೆ?

ಒಲೆ ಮುಂದೆ ಕೂತು ಮುದ್ದೆ ತಿರುವುತ್ತಿದ್ದ ಅವ್ವನಿಗೆ ವಾಚನವನ್ನು ಓದಿ ಹೇಳಿದೆ. ಅವ್ವನಿಗೆ ಅಕ್ಷರ ಬರದು. ಆದರೆ ಕಥೆಯಲ್ಲಿ ಯಾರು ಉಂಡರು, ಯಾರು ಉಣ್ಣಲಿಲ್ಲ ಅನ್ನುವ ಲೆಕ್ಕ ಅವಳಿಗೆ ತಪ್ಪುವುದಿಲ್ಲ. ದೇವದೂತ ಬಂದು ಎಲೀಯನನ್ನು ತಟ್ಟಿ ಎಬ್ಬಿಸುತ್ತಾನೆ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಹೂಜಿಯಲ್ಲಿ ನೀರು. ಉಂಡು ಮತ್ತೆ ಮಲಗುತ್ತಾನೆ. ದೂತ ಇನ್ನೊಂದು ಸಲ ಬರುತ್ತಾನೆ, ಇನ್ನೊಂದು ಸಲ ಉಣ್ಣಿಸುತ್ತಾನೆ.

"ನೋಡ್ದಾ ಮಗ," ಅಂದಳು ಅವ್ವ, "ಸಾಯ್ತೀನಿ ಅಂದೋನ್ನ ದ್ಯಾವ್ರು ಬೈಲಿಲ್ಲ. ಉಣ್ಣಾಕಿಕ್ಕಿ ಮನಗಿಸವ್ನೆ."

ಅವ್ವನ ಮಾತನ್ನೇ ಸ್ವಲ್ಪ ತಿದ್ದಿ ಬರೆದೆ: "ಸರ್ವೇಶ್ವರಾ, ಸಾಕಾಯಿತು ಎಂದು ಮಲಗಿದ ಎಲೀಯನನ್ನು ನೀವು ಬೈಯಲಿಲ್ಲ, ಅವನಿಗೆ ಉಪದೇಶ ಮಾಡಲಿಲ್ಲ. ರೊಟ್ಟಿ ಕೊಟ್ಟಿರಿ, ನೀರು ಕೊಟ್ಟಿರಿ, ನಿದ್ದೆ ಮಾಡಲು ಬಿಟ್ಟಿರಿ. ಸಾಲ ಹೊತ್ತು ಸಾಕಾಗಿರುವವರು ನಮ್ಮ ನಡುವೆಯೂ ಇದ್ದಾರೆ. ಅವರ ಬಳಿಗೆ ನಮ್ಮಲ್ಲಿ ಒಬ್ಬರನ್ನು ಕಳುಹಿಸಿರಿ ಎಂದು ಪ್ರಾರ್ಥಿಸೋಣ."

ಶನಿವಾರ ಸಂಜೆ ಸ್ವಾಮಿಯೋರು ಓದಿ ನೋಡಿದರು. "ನಮ್ಮೂರಲ್ಲಿ ಎಲೀಯ ಯಾರು, ಗೊತ್ತೇನೋ?" ಎಂದರು. ಗೊತ್ತಿತ್ತು. ಕೆರೆಯ ಕೆಳಗಿನ ಬೀದಿಯವನು. ಎರಡು ಬೋರು ಕೊರೆಸಿ ಎರಡರಲ್ಲೂ ಧೂಳು ಕಂಡವನು, ಗುಡಿಗೆ ಬರುವುದನ್ನು ಬಿಟ್ಟವನು. "ಹೆಸರು ಹಾಕದೆ ಒಳ್ಳೇದು ಮಾಡಿದೆ," ಅಂದರು.

ಭಾನುವಾರ ಕೋರಿಕೆ ಓದಿದ್ದಾಯಿತು, "ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ" ಎಂದು ಎಲ್ಲರೂ ಅಂದದ್ದೂ ಆಯಿತು. ಪೂಜೆ ಮುಗಿದು ಹೊರಗೆ ಬಂದರೆ ನಮ್ಮ ಉಪದೇಶಿ ತಾತ ಬಾಗಿಲಲ್ಲೇ ನನ್ನ ತೋಳು ಹಿಡಿದ. "ಒಬ್ಬರನ್ನ ಕಳ್ಸಪ್ಪಾ ಅಂತ ಕೇಳ್ದಲ್ಲ, ಯಾರನ್ನ ಕಳ್ಸಾನ ಈಗ?" ಎಂದ. ನಾನು ಬಾಯಿ ಬಿಡುವ ಮೊದಲೇ ಅವ್ವ, "ನಾನೂ ಬತ್ತೀನಿ ನಡೀರಿ" ಅಂದಳು. ಮಧ್ಯಾಹ್ನ ಮೂವರೂ ರಾಗಿ ಹಿಟ್ಟು, ಹುರುಳಿಕಾಳು ಹೊತ್ತು ಕೆರೆಯ ಕೆಳಗಿನ ಬೀದಿಗೆ, ಅವನ ಮನೆಗೆ ಹೋದೆವು. ಆತ ಬಾಗಿಲು ತೆಗೆದ, ಚಾಪೆ ಹಾಸಿದ, ಹೆಚ್ಚು ಮಾತಾಡಲಿಲ್ಲ. ಅವ್ವನೂ ಸಾಲದ ಮಾತು ಎತ್ತಲಿಲ್ಲ. ಅವನ ಹೆಂಡತಿಯ ಜೊತೆ ಒಲೆ ಹಚ್ಚಿ, ಎಲ್ಲರಿಗೂ ಬಡಿಸಿ, ಪಾತ್ರೆ ತೊಳೆದಿಟ್ಟು ಬಂದಳು.

ಮುಂದಿನ ಭಾನುವಾರ ಆತ ಗುಡಿಗೆ ಬಂದಿದ್ದ. ನನಗೆ ಹಿಗ್ಗು. ಪೂಜೆ ಮುಗಿದ ಮೇಲೆ ಹತ್ತಿರ ಬಂದು ನಿಂತ.

"ಹೋದ ವಾರದ್ದು ನಂಗೇ ಬರೆದಿದ್ದು ಅಂತ ನಮ್ಮಟ್ಟಿಯೋಳು ಹೇಳುದ್ಲು," ಎಂದ. ನಾನು ತಲೆ ತಗ್ಗಿಸಿದೆ. "ಆ ಎಲೀಯನ ಕಥೇನ ಮಗನ ಕೈಲಿ ಮನೇಲಿ ಓದಿಸಿ ಕೇಳ್ದೆ. ಅವನ ತಾವ ದೇವದೂತ ಎರಡು ಸಲ ಬಂದಿದ್ದ ಕಣಪ್ಪ. ನೀವು ಒಂದೇ ಸಲ ಬಂದು ಹೋದ್ರಿ."

ಉಪದೇಶಿ ತಾತ ಮೊದಲು ನಕ್ಕ, ಆಮೇಲೆ ಆತನೂ ನಕ್ಕ. ಆದರೆ ಅದು ಬರೀ ನಗೆಯ ಮಾತಾಗಿರಲಿಲ್ಲ. ಎಲೀಯ ಎದ್ದು ನಲವತ್ತು ದಿನ ಹೋರೇಬಿನ ಬೆಟ್ಟದವರೆಗೆ ನಡೆದದ್ದು ಎರಡನೆಯ ಊಟದ ಬಲದಿಂದ. ಮೊದಲನೆಯದು ಅವನನ್ನು ಮತ್ತೆ ನಿದ್ದೆಗೆ ಹಚ್ಚಿತ್ತು, ಅಷ್ಟೇ. ಆ ವಾಚನವನ್ನು ವಾರವೆಲ್ಲ ಓದಿದ್ದವನು ನಾನು. ಅದರೊಳಗೆ ಇದ್ದವನು ಆತ.

ಅವತ್ತೇ ಮತ್ತೆ ಹೋದೆವು. ಈ ಸಲ ಉಪದೇಶಿ ತಾತ ಸಾಲದ ಕಾಗದಗಳನ್ನು ಹರಡಿಸಿ, ಯಾವುದು ಬ್ಯಾಂಕಿನದು, ಯಾವುದು ಕೈಸಾಲ ಎಂದು ಬೇರೆ ಮಾಡಿದ. ಕೈಸಾಲದವನ ಹತ್ತಿರ ವಾಯಿದೆ ಕೇಳಲು ಸ್ವಾಮಿಯೋರೇ ಹೋದರು. ಸಾಲ ತೀರಲು ವರ್ಷಗಳೇ ಹಿಡಿದವು.

ಈಗ ಆ ಪ್ರಾರ್ಥನೆಗಳನ್ನು ಬರೆಯುವುದು ನಮ್ಮೂರ ಹುಡುಗಿಯರು. ವಾಚನ ಓದಿ ಚೆನ್ನಾಗಿ ಬರೆಯುತ್ತಾರೆ, ಒಮ್ಮೊಮ್ಮೆ ನನಗೆ ತೋರಿಸುತ್ತಾರೆ. ಅವರ ಭಾಷೆ ತಿದ್ದಲು ನಾನು ಹೋಗುವುದಿಲ್ಲ. "ಕಳುಹಿಸಿರಿ" ಎಂಬ ಮಾತು ಕಂಡರೆ ಮಾತ್ರ, ಮೊದಲ ಸಲ ಹೋಗುವವರು ಯಾರು, ಎರಡನೆಯ ಸಲ ಯಾರು ಎಂದು ಕೇಳುತ್ತೇನೆ. ಅದಕ್ಕೆ ಉತ್ತರ ಗೊತ್ತುಮಾಡಿಕೊಂಡೇ ಓದಬೇಕು ಎಂದು ಅವರಿಗೆ ಹೇಳಿದ್ದೇನೆ.