ಖಾಲಿ ರಿಜಿಸ್ಟರು

ಪ್ರಮಾಣಪತ್ರಗಳ ವಿಷಯದಲ್ಲಿ ಮಧ್ಯಮವರ್ಗದ ಮನೆಗಳಿಗೆ ಇರುವ ಭಕ್ತಿ ಸಾಮಾನ್ಯವಾದುದಲ್ಲ. ಮಗನ ಪದವಿಪತ್ರ, ಮಗಳು ಸಂಗೀತದ ಪರೀಕ್ಷೆಯಲ್ಲಿ ತೇರ್ಗಡೆಯಾದ ಪತ್ರ, ನಿವೃತ್ತಿಯ ದಿನ ತಾತನವರಿಗೆ ಅರ್ಪಿಸಿದ ಬಿನ್ನವತ್ತಳೆ, ಇವೆಲ್ಲವೂ ಗಾಜಿನ ಚೌಕಟ್ಟು ಸೇರಿ ನಡುಮನೆಯ ಗೋಡೆಯನ್ನು ಅಲಂಕರಿಸುತ್ತವೆ. ಬಂದ ನೆಂಟರು ಕಾಫಿ ಕುಡಿಯುತ್ತ ಅವನ್ನು ಓದಬೇಕು, ಓದಿ ತಲೆದೂಗಬೇಕು. ಕಾರ್ಖಾನೆಗಳ ಯಜಮಾನರೂ ಇಂತಹ ಮನೆಗಳಿಂದಲೇ ಬಂದವರಾದುದರಿಂದ ಅವರ ಆಫೀಸಿನ ಗೋಡೆಯೂ ಅದೇ ಧರ್ಮವನ್ನು ಪಾಲಿಸುವುದರಲ್ಲಿ ಆಶ್ಚರ್ಯವಿಲ್ಲ. ಲಕ್ಷ್ಮಿಯ ಪಟ, ತೀರಿಹೋದ ತಂದೆಯ ಭಾವಚಿತ್ರ, ಅದರ ಪಕ್ಕದಲ್ಲಿ ಸರಕಿನ ಗುಣಮಟ್ಟದ ಪ್ರಮಾಣಪತ್ರ.

ಬೆಂಗಳೂರಿನ ಪೀಣ್ಯದ ಒಂದು ಅಡ್ಡರಸ್ತೆಯಲ್ಲಿ ಅಂತಹ ಯಜಮಾನರೊಬ್ಬರಿದ್ದಾರೆ. ಹೆಸರು ಬೇಡ, ಅವರಂತಹವರು ಅಲ್ಲಿ ಬೀದಿಗೆ ಹತ್ತು ಮಂದಿ ಸಿಕ್ಕಾರು. ನಲವತ್ತು ಜನ ಕೆಲಸಗಾರರು, ಹನ್ನೊಂದು ಪವರ್ ಪ್ರೆಸ್ಸುಗಳು. ಮೋಟಾರು ವಾಹನಗಳಿಗೆ ಬೇಕಾಗುವ ತಗಡಿನ ಬಿಡಿಭಾಗಗಳ ತಯಾರಿಕೆ. ದೊಡ್ಡ ಗಿರಾಕಿಯೊಬ್ಬರಿಂದ ಅವರಿಗೆ ಒಂದು ದಿನ ಕಾಗದ ಬಂದಿತು. ಮುಂದಿನ ವರ್ಷವೂ ಆರ್ಡರು ಬೇಕಾದರೆ ಐ.ಎಸ್.ಒ. 45001 ಪ್ರಮಾಣಪತ್ರವನ್ನು ಒದಗಿಸತಕ್ಕದ್ದು!

ಜಿನೀವಾದಲ್ಲಿ ನೆಲೆಸಿರುವ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 2018ರ ಮಾರ್ಚ್ ತಿಂಗಳಿನಲ್ಲಿ ಪ್ರಕಟಿಸಿದ ಮಾನಕ ಇದು. 1999ರಿಂದ ಬಳಕೆಯಲ್ಲಿದ್ದ ಇನ್ನೊಂದು ಮಾನಕದ ಸ್ಥಾನಕ್ಕೆ ಇದು ಬಂದಿತು. ಒಂದು ಕಾರ್ಖಾನೆಯು ತನ್ನಲ್ಲಿ ದುಡಿಯುವವರ ಜೀವ ಮತ್ತು ಆರೋಗ್ಯಗಳನ್ನು ಯಾವ ಕ್ರಮದಿಂದ ಕಾಪಾಡಬೇಕೆಂಬುದು ಇದರ ವಿಷಯ. ಮಾನಕವನ್ನು ಬರೆದ ಸಂಸ್ಥೆ ಪ್ರಮಾಣಪತ್ರವನ್ನು ಕೊಡುವುದಿಲ್ಲ. ಆ ಕೆಲಸಕ್ಕೆ ಬೇರೆ ಸಂಸ್ಥೆಗಳುಂಟು. ಅವುಗಳ ಆಡಿಟರು ಎರಡು ಸಲ ಬರುತ್ತಾರೆ. ಮೊದಲ ಹಂತದಲ್ಲಿ ಹೆಚ್ಚಾಗಿ ಕಾಗದಪತ್ರಗಳನ್ನು ಓದುತ್ತಾರೆ. ಎರಡನೆಯ ಹಂತದಲ್ಲಿ ಯಂತ್ರಗಳ ನಡುವೆ ಓಡಾಡುತ್ತಾರೆ. ಸಿಕ್ಕಿದ ಪ್ರಮಾಣಪತ್ರಕ್ಕೆ ಮೂರು ವರ್ಷದ ಆಯುಸ್ಸು, ಅದೂ ವರ್ಷ ವರ್ಷವೂ ತಪಾಸಣೆಗೆ ಒಳಪಟ್ಟು.

ಯಜಮಾನರು ಸಲಹೆಗಾರರೊಬ್ಬರನ್ನು ಗೊತ್ತುಮಾಡಿಕೊಂಡರು. ಸಲಹೆಗಾರರು ಚುರುಕಿನ ಆಸಾಮಿ. ಹದಿನೈದು ದಿನಗಳಲ್ಲಿ ಒಂಬತ್ತು ಫೈಲುಗಳು ಸಿದ್ಧವಾದವು. ಗೋಡೆಗಳಿಗೆ ಹಳದಿ ಬಣ್ಣದ ಎಚ್ಚರಿಕೆಯ ಫಲಕಗಳು ಬಂದವು. ಪ್ರತಿಯೊಬ್ಬ ಕೆಲಸಗಾರನಿಗೂ ಒಂದು ಜೊತೆ ಕೈಗವಸು ದೊರೆಯಿತು. ಎಲ್ಲಕ್ಕಿಂತ ಮಿಗಿಲಾಗಿ ಅಪಘಾತದ ರಿಜಿಸ್ಟರು. ಅದರಲ್ಲಿ ಆರು ವರ್ಷಗಳಿಂದ ಒಂದೇ ಒಂದು ಅಕ್ಷರವೂ ಬಿದ್ದಿರಲಿಲ್ಲ. ಪ್ರತಿ ಆಯುಧಪೂಜೆಗೆ ಹನ್ನೊಂದು ಪ್ರೆಸ್ಸುಗಳಿಗೂ ಕುಂಕುಮವಿಟ್ಟು, ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆದು, ವರ್ಷದ ಕ್ಷೇಮವನ್ನು ದೇವರಿಗೆ ಒಪ್ಪಿಸುತ್ತಿದ್ದ ಯಜಮಾನರಿಗೆ ಆ ಬಿಳಿಯ ಹಾಳೆಗಳು ದೇವರು ಕೊಟ್ಟ ರಸೀದಿಯಂತೆಯೇ ಕಾಣುತ್ತಿದ್ದವು.

ಕಾಗದಗಳ ಹಂತ ಸುಗಮವಾಗಿ ದಾಟಿತು. ಎರಡನೆಯ ಸಲ ಬಂದಾಗ ಆಡಿಟರು ಫೈಲುಗಳನ್ನು ತೆರೆಯಲೇ ಇಲ್ಲ. ಗೇಟಿನಲ್ಲಿ ತಮ್ಮ ಹೆಸರನ್ನು ಬರೆದುಕೊಂಡ ಕಾವಲುಗಾರ ಎಡಗೈಯಿಂದ ಬರೆದುದನ್ನು ಅವರು ಗಮನಿಸಿದ್ದರು. ಅವನ ಬಲಗೈಯಲ್ಲಿ ಎರಡೇ ಬೆರಳುಗಳಿದ್ದವು.

"ಇದು ಯಾವಾಗ ಆದದ್ದು?" ಎಂದು ಅವರು ಕೇಳಿದರು.

"ನಾಲ್ಕು ವರ್ಷ ಆಯಿತು ಸ್ವಾಮಿ. ಗೌರಿಹಬ್ಬದ ಹಿಂದಿನ ದಿನ, ಏಳನೇ ನಂಬರಿನ ಪ್ರೆಸ್ಸು," ಎಂದು ಅವನು ಹೇಳಿದ. ಹೇಳುವಾಗ ದನಿಯಲ್ಲಿ ದೂರೇನೂ ಇರಲಿಲ್ಲ. ಯಜಮಾನರು ತಮ್ಮ ಕಾರಿನಲ್ಲೇ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದದ್ದು, ಖರ್ಚನ್ನೆಲ್ಲ ತಾವೇ ಭರಿಸಿದ್ದು, ಗೇಟಿನ ಕೆಲಸ ಕೊಟ್ಟದ್ದು, ಮಗಳ ಶಾಲೆಯ ಫೀಜು ಕಟ್ಟುತ್ತಿರುವುದು, ಇಷ್ಟನ್ನೂ ಅವನು ಕೃತಜ್ಞತೆಯಿಂದಲೇ ವರ್ಣಿಸಿದ. ಅದೆಲ್ಲ ನಿಜವೂ ಆಗಿತ್ತು. ಯಜಮಾನರು ಕರುಣೆಯಿಲ್ಲದವರಲ್ಲ. ಅವರ ಕರುಣೆಯೇ ರಿಜಿಸ್ಟರನ್ನು ಖಾಲಿಯಾಗಿ ಉಳಿಸಿತ್ತು. ಬರೆಯಲಿಲ್ಲವಾದುದರಿಂದ ಏಕೆ ಆಯಿತೆಂದು ಯಾರೂ ಕೇಳಲಿಲ್ಲ. ಕೇಳಲಿಲ್ಲವಾದುದರಿಂದ ಮರುದಿನ ಅದೇ ಏಳನೆಯ ಪ್ರೆಸ್ಸಿನ ಮುಂದೆ ಅದೇ ಸ್ಟೂಲಿನ ಮೇಲೆ ಇನ್ನೊಬ್ಬ ಹುಡುಗ ಕುಳಿತ.

ಪ್ರೆಸ್ಸಿನ ಸ್ವಭಾವವನ್ನು ಕಾಣದವರಿಗೆ ಇದರ ಗಾಂಭೀರ್ಯ ತಿಳಿಯದು. ಹಳೆಯ ಮಾದರಿಯ ಪ್ರೆಸ್ಸಿನಲ್ಲಿ ಒಂದು ಭಾರಿ ಫ್ಲೈವೀಲ್ ಬಿಡುವಿಲ್ಲದೆ ತಿರುಗುತ್ತಿರುತ್ತದೆ. ಕೆಲಸಗಾರ ತಗಡನ್ನು ಡೈಯ ಮೇಲಿಟ್ಟು ಕಾಲಿನಿಂದ ಪೆಡಲನ್ನು ಒತ್ತಿದೊಡನೆ ಕ್ಲಚ್ಚು ಕಚ್ಚಿಕೊಂಡು ಮೇಲಿನ ಉಕ್ಕಿನ ದಿಮ್ಮಿ ಟನ್ನುಗಟ್ಟಲೆ ಬಲದಿಂದ ಕೆಳಗಿಳಿಯುತ್ತದೆ. ಒಮ್ಮೆ ಹೊರಟಿತೆಂದರೆ ಒಂದು ಸುತ್ತು ಪೂರ್ತಿಯಾಗುವವರೆಗೆ ಅದನ್ನು ನಡುವೆ ನಿಲ್ಲಿಸುವಂತಿಲ್ಲ. ಇಂತಹ ಯಂತ್ರಕ್ಕೆ, ಕೈ ಅಡ್ಡ ಬಂದರೆ ನಿಲ್ಲಿಸುವ ಬೆಳಕಿನ ಪರದೆಯನ್ನು ಕಟ್ಟಿದರೂ ಪ್ರಯೋಜನವಿಲ್ಲ. ಕೈ ಒಳಗೆ ಹೋಗದಂತೆ ಡೈಯ ಸುತ್ತ ಭದ್ರವಾದ ಗಾರ್ಡು ಇರಬೇಕು, ಇಲ್ಲವೇ ಕ್ಲಚ್ಚನ್ನೇ ಬದಲಾಯಿಸಬೇಕು. ಅಪಾಯಕರವಾದ ಯಂತ್ರಭಾಗಗಳಿಗೆ ಬೇಲಿಯಿರಬೇಕೆಂಬುದು ಹೊಸ ಮಾತೂ ಅಲ್ಲ. 1948ರ ಫ್ಯಾಕ್ಟರಿ ಕಾಯಿದೆಯೇ ಅದನ್ನು ವಿಧಿಸಿತ್ತು.

ಹಾಗಾದರೆ ಏಳನೆಯ ಪ್ರೆಸ್ಸಿಗೆ ಗಾರ್ಡು ಇರಲಿಲ್ಲವೆ? ಇತ್ತು. ಗೋಡೆಯ ಮೊಳೆಗೆ ತೂಗುಹಾಕಲ್ಪಟ್ಟಿತ್ತು. ಗಾರ್ಡಿನ ಒಳಕ್ಕೆ ಚಿಮುಟದಿಂದ ತಗಡನ್ನು ತೂರಿಸುವುದಕ್ಕೆ ಹೊತ್ತು ಹಿಡಿಯುತ್ತದೆ. ಕೂಲಿಯೋ ಪೀಸಿನ ಲೆಕ್ಕ. ಕೈಯಿಂದ ಇಟ್ಟರೆ ದಿನಕ್ಕೆ ನಾಲ್ಕು ಕಾಸು ಹೆಚ್ಚು. ಗಾರ್ಡನ್ನು ಬಿಚ್ಚಿದ್ದು ಕೆಲಸಗಾರನ ಕೈಯೇ ಹೌದು. ಬಿಚ್ಚಿಸಿದ್ದು ಯಾವುದೆಂಬುದನ್ನು ಓದುಗರು ಊಹಿಸಬಲ್ಲರು.

ಕೈಗವಸಿನ ವಿಷಯ ಬಂದಾಗ ಆಡಿಟರು ನಕ್ಕರು. "ಬೆರಳು ಹೋಗುವಾಗ ಗವಸೂ ಜೊತೆಗೆ ಹೋಗುತ್ತದೆ, ಸಾರ್." ಈ ಮಾನಕವು ಉಪಾಯಗಳನ್ನು ಮೆಟ್ಟಿಲುಗಳಂತೆ ಜೋಡಿಸಿದೆ. ಮೊದಲು ಅಪಾಯವನ್ನೇ ಇಲ್ಲವಾಗಿಸಬೇಕು. ಆಗದಿದ್ದರೆ ಕಡಿಮೆ ಅಪಾಯದ ವಿಧಾನವನ್ನು ಹಿಡಿಯಬೇಕು. ಅದೂ ಆಗದಿದ್ದರೆ ಯಂತ್ರಕ್ಕೆ ತಡೆ ಕಟ್ಟಬೇಕು. ಅನಂತರ ತರಬೇತಿ, ಫಲಕ, ನಿಯಮಗಳು. ಗವಸು ಟೋಪಿಗಳಿಗೆ ಕಟ್ಟಕಡೆಯ ಮೆಟ್ಟಿಲು. ಸಲಹೆಗಾರರು ಕೆಳಗಿನ ಎರಡು ಮೆಟ್ಟಿಲುಗಳಲ್ಲೇ ಮನೆ ಕಟ್ಟಿಬಿಟ್ಟಿದ್ದರು. ದೊಡ್ಡ ಲೋಪವೆಂದು ಆಡಿಟರು ಬರೆದರು. ಅದು ಸರಿಹೋಗುವವರೆಗೆ ಪ್ರಮಾಣಪತ್ರವಿಲ್ಲ.

ಸುಲಭವಾಗಿ ಪತ್ರ ಕೊಡುವ ಬೇರೆ ಕಡೆಗೆ ಹೋಗೋಣವೆಂದು ಸಲಹೆಗಾರರು ಸೂಚಿಸಿದರು. ಅಂತಹ ಪತ್ರಗಳ ಬೆಲೆ ಏನೆಂಬುದಕ್ಕೆ ಕರಾಚಿಯ ಅಲಿ ಎಂಟರ್‌ಪ್ರೈಸಸ್ ಎಂಬ ಸಿದ್ಧ ಉಡುಪುಗಳ ಕಾರ್ಖಾನೆಯೇ ಸಾಕ್ಷಿ. ಕೆಲಸಗಾರರ ಸುರಕ್ಷತೆಯನ್ನೂ ಒಳಗೊಂಡ ಎಸ್.ಎ. 8000 ಎಂಬ ಪ್ರಮಾಣಪತ್ರ ಅದಕ್ಕೆ ದೊರೆತ ಕೆಲವೇ ವಾರಗಳಲ್ಲಿ, 2012ರ ಸೆಪ್ಟೆಂಬರ್ 11ರಂದು, ಅಲ್ಲಿ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಜನ ಸತ್ತರು. ಬೆಂಕಿ ಯಾರು ಹಚ್ಚಿದ್ದೇ ಇರಲಿ, ಕಿಟಕಿಗಳಿಗೆ ಕಬ್ಬಿಣದ ಕಂಬಿಗಳಿದ್ದವು. ಹೊರಬರುವ ದಾರಿಗಳು ಮುಚ್ಚಿದ್ದವು.

ಯಜಮಾನರು ಆ ರಾತ್ರಿ ಊಟದ ಮುಂದೆ ಸಪ್ಪಗೆ ಕುಳಿತರು. ಬೆರಳು ಹೋದವನಿಗೆ ತಾವು ಇಷ್ಟೆಲ್ಲ ಮಾಡಿದ್ದನ್ನು ಆಡಿಟರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲವೆಂಬುದು ಅವರ ಸಂಕಟ. ಹುಳಿ ಬಡಿಸುತ್ತಿದ್ದ ಅವರ ಪತ್ನಿ ಎಲ್ಲವನ್ನೂ ಕೇಳಿ, "ಅದು ಸರಿ ಅಂದ್ರೆ. ಇನ್ನೂ ನಾಲ್ವರಿಗೆ ಹೀಗಾದರೆ ಒಂದು ಗೇಟಿಗೆ ಎಷ್ಟು ಜನ ಕಾವಲುಗಾರರನ್ನು ಇಡುತ್ತೀರಿ?" ಎಂದರು.

ಐದು ತಿಂಗಳು ಹಿಡಿಯಿತು. ನಾಲ್ಕು ಪ್ರೆಸ್ಸುಗಳಿಗೆ ಗಾಳಿಯ ಒತ್ತಡದ ಕ್ಲಚ್ಚು ಬಂದಿತು. ಎರಡು ಕೈಗಳಿಂದ ಎರಡು ಗುಂಡಿಗಳನ್ನು ಒಮ್ಮೆಲೇ ಒತ್ತಿದಲ್ಲದೆ ಅವು ಕದಲವು. ಉಳಿದವಕ್ಕೆ ಕೀಲಿಯಿಲ್ಲದೆ ಬಿಚ್ಚಲಾಗದ ಗಾರ್ಡುಗಳು. ಇವೆಲ್ಲಕ್ಕೂ ಬ್ಯಾಂಕಿನ ಸಾಲ ಸಿಕ್ಕಿತು. ಕಷ್ಟವಾದದ್ದು ಪೀಸಿನ ಲೆಕ್ಕವನ್ನು ಬಿಟ್ಟು ದಿನಗೂಲಿ ಗೊತ್ತುಮಾಡುವ ಮಾತು. ಮೇಸ್ತ್ರಿ ಮೊದಲು ಒಪ್ಪಲಿಲ್ಲ. ಚುರುಕು ಕೈಯ ಹುಡುಗರಂತೂ ಮುನಿಸಿಕೊಂಡರು. ಅವರನ್ನೆಲ್ಲ ಕೂರಿಸಿಕೊಂಡು ಮಾತನಾಡಬೇಕಾಯಿತು. ಕೆಲಸಗಾರರನ್ನು ಕೇಳದೆ ಸುರಕ್ಷತೆಯ ಏರ್ಪಾಡು ಮಾಡುವಂತಿಲ್ಲವೆಂಬುದೂ ಈ ಮಾನಕದ ಷರತ್ತೇ. ಅಪಾಯವನ್ನು ತಿಳಿಸಿದವನನ್ನು ಯಾರೂ ದಂಡಿಸಕೂಡದೆಂಬ ಮಾತನ್ನೂ ಅದು ಸ್ಪಷ್ಟವಾಗಿ ಹೇಳುತ್ತದೆ.

ಆ ಮಾತನ್ನು ಜನ ನಂಬಿದ ಮೇಲೆ ರಿಜಿಸ್ಟರಿನ ಬಣ್ಣವೇ ಬದಲಾಯಿತು. ಕೂದಲೆಳೆಯಲ್ಲಿ ತಪ್ಪಿದ ಅಪಾಯಗಳನ್ನೂ ಅದರಲ್ಲಿ ಬರೆಯಬೇಕಾಗಿತ್ತು. ಮೊದಲ ತಿಂಗಳಲ್ಲೇ ಇಪ್ಪತ್ತಮೂರು ಬರಹಗಳು! ಯಜಮಾನರಿಗೆ ಎದೆ ಹಾರಿತು. ಆಡಿಟರು ಮರಳಿ ಬಂದಾಗ ಅದನ್ನು ಮೇಜಿನ ತುದಿಗೆ ಸರಿಸಿಟ್ಟರು. ಅವರಾದರೋ ಅದನ್ನೇ ಎಳೆದುಕೊಂಡು, ಪ್ರತಿಯೊಂದು ಬರಹದ ಮುಂದೆ ಏನು ಕ್ರಮ ಕೈಗೊಂಡರೆಂಬುದನ್ನು ಬೆರಳಿಟ್ಟು ಓದಿದರು. ಪ್ರಮಾಣಪತ್ರ ಮುಂದಿನ ತಿಂಗಳು ಕೈಸೇರಿತು.

ರಿಜಿಸ್ಟರು ಈಗಲೂ ಗೇಟಿನ ಕೋಣೆಯಲ್ಲೇ ಇದೆ, ಯಾರು ಬೇಕಾದರೂ ಬರೆಯುವಂತೆ. ಮೆಟ್ಟಿಲಿನ ಮೇಲೆ ಎಣ್ಣೆ ಚೆಲ್ಲಿದೆ, ಮೂರನೆಯ ಪ್ರೆಸ್ಸಿನ ವೈರು ಸುಲಿದಿದೆ, ಹೀಗೆ ಸಾಗುತ್ತದೆ ಅದು. ಈಚಿನ ಬರಹ ಎಡಗೈಯ ಸೊಟ್ಟ ಅಕ್ಷರಗಳಲ್ಲಿದೆ: "ಹಿಂದಿನ ತುರ್ತುಬಾಗಿಲಿಗೆ ಅಡ್ಡವಾಗಿ ಬೆಳಗ್ಗೆಯಿಂದ ಯಜಮಾನರ ಸ್ಕೂಟರು ನಿಂತಿದೆ." ಅದರ ಮುಂದೆ, "ತೆಗೆಯಲಾಯಿತು" ಎಂದು ಬರೆದು ಯಜಮಾನರು ರುಜು ಹಾಕಿದ್ದಾರೆ.