ಹೆಸರು ಪೇಟೆಯದು, ಕೈ ಯಾರದು?

ಒಂದು ವಸ್ತುವಿನ ಮೇಲಿನ ಹೆಸರು ಒಬ್ಬರದು, ಅದನ್ನು ಮಾಡಿದ ಕೈ ಇನ್ನೊಬ್ಬರದು ಎಂಬುದು ಇಂದಿನ ವ್ಯಾಪಾರದ ಸಾಮಾನ್ಯ ರೀತಿಯಾಗಿಬಿಟ್ಟಿದೆ. ನಮ್ಮ ತಾಯಂದಿರು ಇದನ್ನು ಅಡುಗೆಮನೆಯಲ್ಲಿಯೇ ಕಾಣಬಲ್ಲರು. ಮಧ್ಯಾಹ್ನದ ಬಿಡುವಿನಲ್ಲಿ ಒಬ್ಬರ ಮನೆಯಲ್ಲಿ ನೆರೆಹೊರೆಯವರು ಕೂಡುತ್ತಾರೆ. ಚಹಾ, ಚೂಡಾ ಆದ ಮೇಲೆ ಗಾಳಿಯಾಡದ ಮುಚ್ಚಳದ ಡಬ್ಬಿಗಳನ್ನೋ ಕಾಯಿಪಲ್ಲೆ ಹೆಚ್ಚುವ ಸಾಧನಗಳನ್ನೋ ತೋರಿಸಿ ಮಾರಲಾಗುತ್ತದೆ. ಈ ಮಾರಾಟಪದ್ಧತಿ ಅಮೆರಿಕೆಯಿಂದ ಬಂದುದು. ಅರ್ಲ್ ಟಪ್ಪರ್ ಎಂಬವರು 1940ರ ದಶಕದಲ್ಲಿ ಪ್ಲಾಸ್ಟಿಕ್ ಡಬ್ಬಿಗಳನ್ನು ರೂಪಿಸಿದರು. ಅಂಗಡಿಗಳಲ್ಲಿ ಅವು ನಿರೀಕ್ಷೆಯಷ್ಟು ಮಾರಾಟವಾಗಲಿಲ್ಲ. ಬ್ರೌನಿ ವೈಸ್ ಎಂಬ ಮಹಿಳೆ ಮನೆಯ ಕೂಟಗಳ ಮುಖಾಂತರ ಅವನ್ನು ಮಾರುವ ವಿಧಾನವನ್ನು ಬೆಳೆಸಿ ಕಂಪನಿಗೆ ಏಳ್ಗೆ ತಂದರು. 1958ರಲ್ಲಿ ಅದೇ ಕಂಪನಿ ಅವರನ್ನು ಹೊರಗೆ ಹಾಕಿತು. ಡಬ್ಬಿಯ ಮೇಲೆ ಟಪ್ಪರರ ಹೆಸರು ಉಳಿಯಿತು, ವೈಸ್ ಅವರ ಹೆಸರು ಬಹುಕಾಲ ಮರೆತುಹೋಯಿತು. ಟಪ್ಪರ್‌ವೇರ್ ಭಾರತಕ್ಕೆ ಬಂದುದು 1996ರಲ್ಲಿ.

ಇಂಥ ಸಾಮಾನುಗಳನ್ನು ಕೊಳ್ಳುವಾಗ ಪೊಟ್ಟಣದ ಮೇಲಿನ ಸಣ್ಣ ಅಕ್ಷರಗಳನ್ನು ಓದುವ ರೂಢಿಯನ್ನು ವಾಚಕರು ಇಟ್ಟುಕೊಳ್ಳಬೇಕು. 2011ರ ಪೊಟ್ಟಣ ಸರಕುಗಳ ನಿಯಮಗಳ ಪ್ರಕಾರ ತಯಾರಕರ ಹೆಸರು, ವಿಳಾಸ ಅಲ್ಲಿರಲೇಬೇಕು. ತಯಾರಿಸಿದವರು ಒಬ್ಬರು, ಪೊಟ್ಟಣ ಕಟ್ಟಿದವರು ಮತ್ತೊಬ್ಬರಾಗಿದ್ದರೆ ಇಬ್ಬರ ಹೆಸರನ್ನೂ ಬರೆಯಬೇಕು. ದೊಡ್ಡ ಅಕ್ಷರದಲ್ಲಿ ಒಂದು ಪ್ರಸಿದ್ಧ ಹೆಸರಿದ್ದು, ಕೆಳಗೆ ಇನ್ನಾವುದೋ ಊರಿನ ಕಾರ್ಖಾನೆಯ ವಿಳಾಸವಿದ್ದರೆ ಬೆರಗಾಗಬೇಕಿಲ್ಲ. ಹೆಸರಿನ ಒಡೆಯರು ಬೇರೆಯವರಿಂದ ಮಾಡಿಸಿಕೊಂಡು ಮಾರುವುದು ಕಾನೂನಿಗೆ ವಿರುದ್ಧವಲ್ಲ. ಮಾಡಿದವರು ಯಾರೆಂದು ಕೊಳ್ಳುವವರಿಗೆ ತಿಳಿಯಬೇಕೆಂಬುದಷ್ಟೇ ಕಾನೂನಿನ ಆಶಯ.

ಆದರೆ ನಮ್ಮ ಭಾಗದಲ್ಲಿ ತಲೆತಲಾಂತರದಿಂದ ತಯಾರಾಗುವ ಒಂದು ವಸ್ತುವಿಗೆ ಈ ಸಣ್ಣ ಅಕ್ಷರಗಳ ಭಾಗ್ಯವೂ ಇರಲಿಲ್ಲ. ಅದು ಪೊಟ್ಟಣವಿಲ್ಲದೆ, ಚೀಟಿಯಿಲ್ಲದೆ, ಜೋಡಿಜೋಡಿಯಾಗಿ ದಾರ ಕಟ್ಟಿಕೊಂಡು ಪೇಟೆಗೆ ಹೋಗುತ್ತಿತ್ತು. ನಾವು ಹೇಳುತ್ತಿರುವುದು ಜಗತ್ತೆಲ್ಲ ಕೊಲ್ಲಾಪುರಿ ಎಂದು ಕರೆಯುವ ಚಪ್ಪಲಿಯ ವಿಷಯ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ಕಡೆಯ ಜನರಿಗೆ ಕೊಲ್ಲಾಪುರ ದೂರದ ಊರಲ್ಲ. ರಾಯಬಾಗವಂತೂ 1949ರಲ್ಲಿ ವಿಲೀನವಾಗುವವರೆಗೆ ಕೊಲ್ಲಾಪುರ ಸಂಸ್ಥಾನಕ್ಕೇ ಸೇರಿತ್ತು. 1956ರ ರಾಜ್ಯ ಪುನರ್ವಿಂಗಡಣೆಯ ತನಕ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಬೆಲ್ಲ, ತಂಬಾಕು, ಅರಿವೆ ಎಲ್ಲದಕ್ಕೂ ನಮ್ಮವರು ಕೊಲ್ಲಾಪುರ, ಮಿರಜ, ಸಾಂಗಲಿಗಳ ದಾರಿ ಹಿಡಿಯುತ್ತಿದ್ದರು. ಕೊಲ್ಲಾಪುರದಲ್ಲಿ ಮಹಾಲಕ್ಷ್ಮಿಯ ದರ್ಶನಕ್ಕೆ ಬರುವ ಯಾತ್ರಿಕರ ಸಂದಣಿಯಿತ್ತು. ಶಾಹೂ ಮಹಾರಾಜರ ಆಳ್ವಿಕೆಯಲ್ಲಿ ಚರ್ಮೋದ್ಯೋಗಕ್ಕೆ ಪ್ರೋತ್ಸಾಹವೂ ದೊರಕಿತು. ಯಾತ್ರಿಕರು ದೇವಿಯ ಪ್ರಸಾದದೊಡನೆ ಒಂದು ಜೋಡಿ ಚಪ್ಪಲಿಯನ್ನೂ ಊರಿಗೆ ಒಯ್ಯುತ್ತಿದ್ದರು. ಹೀಗೆ ಕೊಂಡ ಪೇಟೆಯ ಹೆಸರೇ ವಸ್ತುವಿನ ಹೆಸರಾಯಿತು. ಕೊಲ್ಲಾಪುರದ ಸುತ್ತಲಿನ ಕುಶಲಕರ್ಮಿಗಳೂ ಇದನ್ನು ಶ್ರದ್ಧೆಯಿಂದ ಮಾಡುತ್ತ ಬಂದಿದ್ದಾರೆ. ಅವರ ಹಕ್ಕನ್ನು ಅಲ್ಲಗಳೆಯುವ ಇಚ್ಛೆ ನಮಗಿಲ್ಲ. ಆದರೆ ಆ ಹೆಸರಿನ ನೆರಳಿನಲ್ಲಿ ಅಥಣಿ, ನಿಪ್ಪಾಣಿಗಳ ಕೈಗಳು ಕಾಣದಾದವು ಎಂಬುದು ಸತ್ಯ.

ಕೆಲವು ವರ್ಷಗಳ ಹಿಂದೆ ಪ್ರವಚನದ ನಿಮಿತ್ತ ಅಥಣಿ ತಾಲೂಕಿನ ಒಂದು ಊರಿನಲ್ಲಿ ನಾವು ಹತ್ತು ದಿನ ತಂಗಿದ್ದೆವು. ಮುಂಜಾನೆ ತಿರುಗಾಡುತ್ತ ಸಮಗಾರ ಓಣಿಗೆ ಹೋದಾಗ ಒಂದು ಮನೆಯ ಕಟ್ಟೆಯ ಮೇಲೆ ವಯಸ್ಸಾದ ತಾಯಿಯೊಬ್ಬರು ತೊಗಲಿನ ಸಣ್ಣ ಎಳೆಗಳನ್ನು ಜಡೆಯಂತೆ ಹೆಣೆಯುತ್ತ ಕುಳಿತಿದ್ದರು. ಮನೆಯ ಯಜಮಾನರು ಒಳಗೆ ಮರದ ದಿಮ್ಮಿಯ ಮೇಲೆ ಅಟ್ಟೆಯನ್ನು ಬಡಿಯುತ್ತಿದ್ದರು. ನಮ್ಮನ್ನು ಕಂಡು ಕೆಲಸ ನಿಲ್ಲಿಸಿ ಎದ್ದರು. ಕೆಲಸ ನಿಲ್ಲಿಸಬೇಡಿರೆಂದು ಕೇಳಿಕೊಂಡು ನಾವೂ ಕಟ್ಟೆಯ ಮೇಲೆಯೇ ಕುಳಿತೆವು.

ಆ ಮನೆಯಲ್ಲಿ ಕಂಡು ಕೇಳಿ ತಿಳಿದುದನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಅಟ್ಟೆಗೆ ಎಮ್ಮೆಯ ತೊಗಲು, ನವುರಾದ ಹೆಣಿಗೆಗೆ ಆಡಿನ ತೊಗಲು. ತೊಗಲನ್ನು ಮೊದಲು ಸುಣ್ಣದ ನೀರಿನಲ್ಲಿ ನೆನೆಹಾಕಿ ಕೂದಲು ತೆಗೆಯುತ್ತಾರೆ. ಬಳಿಕ ಜಾಲಿಯ ತೊಗಟೆ ಮತ್ತು ಅಳಲೆಕಾಯಿಯ ಕಷಾಯದಲ್ಲಿ ಹದ ಮಾಡುತ್ತಾರೆ. ಹಳೆಯ ಪದ್ಧತಿಯಲ್ಲಿ ತೊಗಲನ್ನೇ ಚೀಲದಂತೆ ಹೊಲಿದು, ಅದರೊಳಗೆ ತೊಗಟೆ ಮತ್ತು ಕಷಾಯವನ್ನು ತುಂಬಿ ತೂಗುಹಾಕುತ್ತಿದ್ದರು. ವಾರಗಟ್ಟಲೆ ಸಮಯ ಬೇಡುವ ಕೆಲಸವಿದು. ಹದವಾದ ಚರ್ಮವನ್ನು ಕತ್ತರಿಸಿ, ಅಟ್ಟೆಗಳನ್ನು ಒಂದರ ಮೇಲೊಂದಿಟ್ಟು, ಮೊಳೆಯ ಸಹಾಯವಿಲ್ಲದೆ ಚರ್ಮದ ದಾರದಿಂದಲೇ ಹೊಲಿಯುತ್ತಾರೆ. ಎರಡೂ ಬದಿಗೆ ಕಿವಿಗಳು, ನಡುವೆ ಪಟ್ಟಿ, ಹೆಬ್ಬೆರಳಿಗೆ ಉಂಗುರ, ಪಟ್ಟಿಯ ಮೇಲೆ ಹೆಣಿಗೆ. ಕತ್ತರಿಸುವುದು, ಬಡಿಯುವುದು ಗಂಡಸರ ಕೆಲಸ. ಹೆಣಿಗೆ ಮತ್ತು ನಯಗಾರಿಕೆಯ ಬಹುಪಾಲು ಹೆಂಗಸರ ಕೈಯದು.

“ಇದಕ್ಕೆ ಏನೆಂದು ಹೆಸರು ತಾಯಿ?” ಎಂದು ನಾವು ಕೇಳಿದೆವು.

“ಇಲ್ಲಿ ಕಾಲ್ಮರಿ ಅಂತಾರ್ರೀ ಗುರುಗಳ. ಮೋಟಾರ ಹತ್ತಿ ಆ ಕಡೆ ಹೋತಂದ್ರ ಕೊಲ್ಲಾಪುರಿ ಆಗತೈತ್ರಿ” ಎಂದರು. ಯಜಮಾನರು ನಕ್ಕರು. ತಾಯಿಯವರು ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಹೆಣದಾಕಿ ಹೆಸರು ಯಾರ ಕೇಳತಾರ್ರೀ?” ಎಂದು ತಮ್ಮಷ್ಟಕ್ಕೆ ತಾವೇ ಅಂದುಕೊಂಡರು.

ಅವರ ಮಗ ಸಕ್ಕರೆ ಕಾರ್ಖಾನೆಯ ಹಂಗಾಮಿ ಕೆಲಸಕ್ಕೆ ಹೋಗುತ್ತಿದ್ದ. ಈ ಕಸುಬಿನಲ್ಲಿ ಹೊಟ್ಟೆ ತುಂಬಿದರೂ ಮರ್ಯಾದೆ ತುಂಬುವುದಿಲ್ಲವೆಂದು ಆತನ ಮಾತು. ತೊಗಲಿಗೆ ವ್ಯಾಪಾರಿಯಿಂದ ಮುಂಗಡ, ಮಾಡಿದ ಮಾಲಿಗೆ ವ್ಯಾಪಾರಿಯೇ ಕಟ್ಟಿದ ಬೆಲೆ. ಮಳೆಗಾಲದಲ್ಲಿ ಚರ್ಮ ಒಣಗದು, ಕೊಳ್ಳುವವರೂ ಕಡಿಮೆ. ಮಹಾರಾಷ್ಟ್ರದಲ್ಲಿ 2015ರಲ್ಲಿ, ಕರ್ನಾಟಕದಲ್ಲಿ 2021ರಲ್ಲಿ ಜಾನುವಾರು ಹತ್ಯೆಯ ಕಾಯಿದೆಗಳು ಬಿಗಿಯಾದ ತರುವಾಯ ತೊಗಲು ಸಿಗುವುದು ಕಷ್ಟವಾಗಿದೆ ಎಂದು ಕುಶಲಕರ್ಮಿಗಳು ಹೇಳುತ್ತಾರೆ. ಇದರ ಮೇಲೆ ರೆಕ್ಸಿನ್ನಿನಲ್ಲಿ ಯಂತ್ರದಿಂದ ಮಾಡಿದ ನಕಲು ಚಪ್ಪಲಿ ಅದೇ ಹೆಸರಿನಿಂದ ಅಗ್ಗಕ್ಕೆ ಮಾರಾಟವಾಗುತ್ತದೆ. ಹೆಸರು ಬೆಳೆದಷ್ಟೂ ಹೆಸರಿಗೆ ಕಾರಣವಾದವರು ಕುಗ್ಗಿದರು.

ಈ ಸಂಗತಿ ಜಗತ್ತಿನ ಗಮನಕ್ಕೆ ಬಂದುದು 2025ರ ಜೂನ್ ತಿಂಗಳಲ್ಲಿ. ಇಟಲಿಯ ಪ್ರಾಡಾ ಎಂಬ ಪ್ರಸಿದ್ಧ ಕಂಪನಿ ಮಿಲಾನ್ ನಗರದ ಪ್ರದರ್ಶನದಲ್ಲಿ ಕೊಲ್ಲಾಪುರಿಯನ್ನೇ ಹೋಲುವ ಪಾದರಕ್ಷೆಗಳನ್ನು ತೋರಿಸಿತು. ಅವನ್ನು ಬರಿಯ ಚರ್ಮದ ಪಾದರಕ್ಷೆಗಳೆಂದು ಕರೆಯಿತೇ ಹೊರತು ಭಾರತದ ಹೆಸರನ್ನು ಎತ್ತಲಿಲ್ಲ. ದೇಶದಲ್ಲೆಲ್ಲ ಆಕ್ಷೇಪವೆದ್ದಿತು. ಬಳಿಕ ಕಂಪನಿಯು ಮಹಾರಾಷ್ಟ್ರದ ವಾಣಿಜ್ಯ ಮಂಡಳಿಗೆ ಪತ್ರ ಬರೆದು, ಭಾರತದ ಸಾಂಪ್ರದಾಯಿಕ ಪಾದರಕ್ಷೆಯೇ ಸ್ಫೂರ್ತಿಯೆಂದು ಒಪ್ಪಿಕೊಂಡಿತು. ಆಗ ಕರ್ನಾಟಕದ ಸಚಿವ ಪ್ರಿಯಾಂಕ್ ಖರ್ಗೆಯವರು, ಈ ಚಪ್ಪಲಿ ಮಾಡುವ ಬಹುಸಂಖ್ಯೆಯ ಕುಶಲಕರ್ಮಿಗಳು ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಭಾಗಗಳಲ್ಲಿಯೂ ಇದ್ದಾರೆ, ಕೊಲ್ಲಾಪುರ ಅವರ ದೊಡ್ಡ ಮಾರುಕಟ್ಟೆಯಾಗಿದ್ದರಿಂದ ಆ ಹೆಸರು ನಿಂತಿತು ಎಂದು ಸಾರ್ವಜನಿಕವಾಗಿ ನೆನಪಿಸಿದರು.

ಸಣ್ಣ ಅಕ್ಷರದ ಹೆಸರಿಲ್ಲದ ಈ ವಸ್ತುವಿಗೆ ಕಾನೂನಿನ ಆಸರೆ ಅಷ್ಟು ಹೊತ್ತಿಗಾಗಲೇ ದೊರಕಿತ್ತು. 1999ರ ಭೌಗೋಳಿಕ ಗುರುತು ಕಾಯಿದೆಯ ಮೇರೆಗೆ ಕೊಲ್ಲಾಪುರಿ ಚಪ್ಪಲಿಗೆ ಮಾನ್ಯತೆ ಸಿಕ್ಕಿದ ಸುದ್ದಿ 2019ರಲ್ಲಿ ಪತ್ರಿಕೆಗಳಲ್ಲಿ ಬಂದಿತು. ಈ ಗುರುತು ಎರಡು ರಾಜ್ಯಗಳ ಎಂಟು ಜಿಲ್ಲೆಗಳಿಗೆ ಸೇರಿದೆ: ಮಹಾರಾಷ್ಟ್ರದ ಕೊಲ್ಲಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ, ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. ಕರ್ನಾಟಕದ ಪರವಾಗಿ ನಿಂತುದು ಲಿಡ್‌ಕರ್ ಎಂದು ಹೆಸರಾದ ಡಾ. ಬಾಬು ಜಗಜೀವನರಾಮ್ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ. ಆದರೆ ಈ ಕಾಯಿದೆ ಹೆಸರನ್ನು ಕಾಯುತ್ತದೆ, ಆಕಾರವನ್ನು ಕಾಯುವುದಿಲ್ಲ. ಬೇರೆಯವರು ಅದೇ ರೂಪದ ಚಪ್ಪಲಿ ಮಾಡಿ ಇನ್ನೊಂದು ಹೆಸರಿಟ್ಟು ಮಾರಿದರೆ ಹಿಡಿದು ನಿಲ್ಲಿಸುವುದು ಕಠಿಣ. ಗುರುತಿನ ನೋಂದಾಯಿತ ಒಡೆತನ ನಿಗಮಗಳದು. ಅದರ ಲಾಭ ಪಡೆಯಲು ಪ್ರತಿಯೊಬ್ಬ ಕುಶಲಕರ್ಮಿಯೂ ತಾನು ಅಧಿಕೃತ ಬಳಕೆದಾರನೆಂದು ಬೇರೆಯಾಗಿ ಹೆಸರು ನೋಂದಾಯಿಸಿಕೊಳ್ಳಬೇಕು. ಓದುಬರಹ ಬಲ್ಲ ನಮ್ಮ ತರುಣರು ಓಣಿಗಳಿಗೆ ಹೋಗಿ ಈ ಅರ್ಜಿಗಳನ್ನು ತುಂಬಿಕೊಟ್ಟರೆ ಅದೂ ಒಂದು ದಾಸೋಹವೇ ಸರಿ.

2025ರ ಡಿಸೆಂಬರಿನಲ್ಲಿ ಪ್ರಾಡಾ ಕಂಪನಿಯು ಲಿಡ್‌ಕರ್ ಮತ್ತು ಮಹಾರಾಷ್ಟ್ರದ ಸಂತ ರೋಹಿದಾಸ ಚರ್ಮೋದ್ಯೋಗ ನಿಗಮಗಳೊಡನೆ ಒಪ್ಪಂದ ಮಾಡಿಕೊಂಡಿತು. ಈ ಎರಡು ರಾಜ್ಯಗಳಲ್ಲಿ 2,000 ಜೋಡಿಗಳನ್ನು ಮಾಡಿಸಿ, ಜೋಡಿಗೆ ಸುಮಾರು 800 ಯೂರೋ ಬೆಲೆಗೆ ಮಾರುವುದಾಗಿ ಪ್ರಕಟಿಸಿತು. ನಮ್ಮ ಲೆಕ್ಕದಲ್ಲಿ ಅದು 80 ಸಾವಿರ ರೂಪಾಯಿಗೂ ಮೇಲೆ. ಇದನ್ನು ಓದಿದಾಗ ಆ ತಾಯಿಯವರ ಪ್ರಶ್ನೆ ನಮಗೆ ನೆನಪಾಯಿತು. ಪೇಟೆಯ ಹೆಸರಿನ ಜಾಗದಲ್ಲಿ ಕಂಪನಿಯ ಹೆಸರು ಬಂದರೆ ಹೆಣೆದ ಕೈಗೆ ಸಿಕ್ಕುವುದೇನು? ಕೂಲಿ ಹೆಚ್ಚಿದರೆ ಸಂತೋಷ. ಹೆಸರೂ ಸಿಕ್ಕಿದರೆ ಆ ಮಗ ಕಸುಬಿಗೆ ಮರಳಿಯಾನು.

ಇಲ್ಲಿ ಶರಣರ ಮಾತು ಬಾರದಿದ್ದರೆ ಈ ಲೇಖನ ಅಪೂರ್ಣವಾಗುತ್ತದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ವ್ಯಕ್ತಿಯ ಹೆಸರಿಗೆ ಕಸುಬಿನ ಹೆಸರು ಅಂಟಿಕೊಂಡೇ ಇರುತ್ತಿತ್ತು. ಮೇದಾರ ಕೇತಯ್ಯ, ಅಂಬಿಗರ ಚೌಡಯ್ಯ, ಡೋಹರ ಕಕ್ಕಯ್ಯ. ಲೋಕ ಕೀಳೆಂದ ಕಸುಬನ್ನು ಅವರು ಮರೆಸಲಿಲ್ಲ, ಹೆಸರಿನ ಮುಂದಿಟ್ಟು ಮೆರೆಸಿದರು. ಡೋಹರ ಕಕ್ಕಯ್ಯನವರು ತೊಗಲು ಹದ ಮಾಡುವ ಕಾಯಕದವರು. ನಮ್ಮ ಜಿಲ್ಲೆಯದೇ ಆದ ಖಾನಾಪುರ ತಾಲೂಕಿನ ಕಕ್ಕೇರಿಯಲ್ಲಿ ಅವರು ಐಕ್ಯರಾದರೆಂದು ಭಕ್ತರು ನಂಬುತ್ತಾರೆ. ಸಮಗಾರ ಹರಳಯ್ಯ ಮತ್ತು ಕಲ್ಯಾಣಮ್ಮ ದಂಪತಿಗಳ ಕಥೆ ನಮ್ಮ ಮನೆಗಳ ಮಕ್ಕಳಿಗೂ ಗೊತ್ತು. ತಾವು ಸಲ್ಲಿಸಿದ ಒಂದು ಶರಣಿಗೆ ಬಸವಣ್ಣನವರು ಎರಡು ಶರಣು ಹೇಳಿದರೆಂದು, ಆ ಋಣ ತೀರಿಸಲು ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿ ತಂದರು. ಬಸವಣ್ಣನವರು ಅವನ್ನು ಮೆಟ್ಟದೆ ತಲೆಯ ಮೇಲೆ ಹೊತ್ತರು. ಆ ಪಾದರಕ್ಷೆಗೆ ಯಾವ ಪೇಟೆಯ ಹೆಸರೂ ಬರಲಿಲ್ಲ. ಎಂಟುನೂರು ವರ್ಷಗಳ ಮೇಲೂ ಅದನ್ನು ನಾವು ಮಾಡಿದವರ ಹೆಸರಿನಿಂದಲೇ ನೆನೆಯುತ್ತೇವೆ. ಆ ಕಥೆಯನ್ನು ಕೇಳಿ ಕಣ್ಣೀರಿಡುವ ನಾವು, ನಮ್ಮ ಬಾಗಿಲಲ್ಲಿ ಬಿಟ್ಟ ಚಪ್ಪಲಿಯನ್ನು ಹೊಲಿದವರು ಯಾರೆಂದು ಕೇಳದಿರುವುದು ಶರಣಧರ್ಮಕ್ಕೆ ಒಪ್ಪುವ ಮಾತಲ್ಲ.

ಹೆಸರನ್ನು ಮರಳಿ ಪಡೆಯುವ ಯತ್ನಗಳೂ ನಡೆದಿವೆ. 1990ರ ದಶಕದ ಕೊನೆಯ ಭಾಗದಲ್ಲಿ ಅಥಣಿಯ ಕುಶಲಕರ್ಮಿಗಳು ಬೆಂಗಳೂರಿನ ಅಸೆಂಟ್ ಎಂಬ ಸಂಸ್ಥೆಯ ಬೆಂಬಲದಿಂದ ಟೋಹೋಲ್ಡ್ ಎಂಬ ತಮ್ಮದೇ ಹೆಸರಿನಲ್ಲಿ ಒಂದುಗೂಡಿದರು. ಹೆಂಗಸರು ಸ್ವಸಹಾಯ ಸಂಘಗಳನ್ನು ಕಟ್ಟಿಕೊಂಡರು. ಅವರ ಚಪ್ಪಲಿಗಳು ನೇರವಾಗಿ ವಿದೇಶಗಳಿಗೂ ಹೋದವು. ಮಾಡುವವರೇ ಹೆಸರಿನ ಒಡೆಯರೂ ಆಗಬಹುದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಕುಟುಂಬಗಳಲ್ಲಿ ನಮ್ಮ ವಿನಂತಿ ಇಷ್ಟು. ಮದುವೆಗೆ, ಜಾತ್ರೆಗೆ, ದೂರದ ಬೀಗರಿಗೆ ಕಾಣಿಕೆಯಾಗಿ ಕೊಲ್ಲಾಪುರಿ ಕೊಳ್ಳುವವರು, ಸಾಧ್ಯವಿದ್ದರೆ ಅಥಣಿ, ನಿಪ್ಪಾಣಿ ಕಡೆಯ ಓಣಿಗಳಿಗೇ ಹೋಗಿ ಕೊಳ್ಳಿರಿ. ಅಟ್ಟೆಯ ಅಂಚನ್ನು ನೋಡಿರಿ. ಅಪ್ಪಟ ಮಾಲಿನಲ್ಲಿ ಪದರುಗಳು ಕಾಣುತ್ತವೆ, ಹೊಲಿಗೆ ಚರ್ಮದ್ದಾಗಿರುತ್ತದೆ, ತೊಗಟೆಯ ವಾಸನೆ ಇರುತ್ತದೆ. ಹೊಸದರಲ್ಲಿ ಕಾಲು ಕಚ್ಚಿದರೆ ಎಣ್ಣೆ ಹಚ್ಚಿರಿ, ನೀರಿನಲ್ಲಿ ನೆನೆಸಬೇಡಿರಿ. ಬೆಲೆಯನ್ನು ಚೌಕಾಸಿ ಮಾಡುವ ಮೊದಲು ಅದರಲ್ಲಿ ಎಷ್ಟು ದಿನಗಳ ಕಾಯಕವಿದೆಯೆಂದು ಲೆಕ್ಕ ಹಾಕಿರಿ. ಹಣ ಕೊಡುವಾಗ ಹೊಲಿದವರ ಹೆಸರನ್ನೂ ಹೆಣೆದ ತಾಯಿಯ ಹೆಸರನ್ನೂ ಕೇಳಿಕೊಂಡು ಬನ್ನಿರಿ. ಕಾಣಿಕೆ ಕೊಡುವಾಗ ಆ ಎರಡು ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿರಿ. ಸರಕಾರದ ಗುರುತು ಎಂಟು ಜಿಲ್ಲೆಗಳ ಹೆಸರನ್ನು ಹೇಳಬಲ್ಲದು. ಮಾಡಿದವರ ಹೆಸರನ್ನು ಹೇಳಬೇಕಾದವರು ಕೊಂಡವರೇ.