ಅಟ್ಟದ ಮೇಲಣ ಕಾಯಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಬಲಿತ ತೆಂಗಿನಕಾಯಿಯನ್ನು ಕೆಡವಿದೊಡನೆ ಒಡೆಯುವ ವಾಡಿಕೆಯಿಲ್ಲ. ಸಿಪ್ಪೆಸಹಿತ ಅಟ್ಟಕ್ಕೇರಿಸಿ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷದವರೆಗೂ, ಹಾಗೆಯೇ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಬೇಕು. ತಿರುಳು ಚಿಪ್ಪಿನಿಂದ ತಾನಾಗಿ ಬಿಡಿಸಿಕೊಳ್ಳಬೇಕು. ಅಲ್ಲಾಡಿಸಿದರೆ ಒಳಗೆ ಉಂಡೆ ಉರುಳುವ ಸದ್ದು ಕೇಳಬೇಕು. ದೇಶದ ಮೂಲೆಮೂಲೆಗೂ ಹೋಗುವ ಉಂಡೆ ಕೊಬ್ಬರಿ ಸಿದ್ಧವಾಗುವುದು ಹೀಗೆ. ಹಣದ ತುರ್ತಿಗೆ ಸಿಲುಕಿದ ಬೆಳೆಗಾರ ಕೆಲವೊಮ್ಮೆ ಅಟ್ಟದ ಮೇಲಿರುವಾಗಲೇ ಮಾಲಿಗೆ ಬೆಲೆ ಕೇಳುವುದುಂಟು. ಆಗ ಬೆಲೆ ಕಟ್ಟುವವನು ಇಂದಿನ ಕಾಯಿಯನ್ನಲ್ಲ, ಮುಂದೆ ಆಗಲಿರುವ ಕೊಬ್ಬರಿಯನ್ನು ಅಂದಾಜು ಮಾಡಬೇಕಾಗುತ್ತದೆ. ಎಷ್ಟು ಕಾಯಿ ಕೌಟಾದೀತು, ಎಷ್ಟು ಒಳಗೇ ಕೊಳೆತೀತು ಎಂಬುದನ್ನು ಹೊರಗಿನಿಂದ ಬಲ್ಲವರು ಯಾರು?

ಅಮೆರಿಕದ ವ್ಯವಹಾರಾಡಳಿತ ವಿದ್ಯಾಲಯಗಳು ಈಗ ಇಂಥದೇ ಒಂದು ವ್ಯಾಪಾರಕ್ಕೆ ಇಳಿದಿವೆ. ಸಾಮಾನ್ಯವಾಗಿ ಅಲ್ಲಿ ನಾಲ್ಕಾರು ವರ್ಷ ದುಡಿದು ಬಂದವರನ್ನೇ ಸೇರಿಸಿಕೊಳ್ಳುವುದು ಪದ್ಧತಿ. 1908ರಲ್ಲಿ ಸ್ಥಾಪನೆಗೊಂಡ ಹಾರ್ವರ್ಡ್ ಬಿಸಿನೆಸ್ ಸ್ಕೂಲು 2007ರಲ್ಲಿ ‘ಟು ಪ್ಲಸ್ ಟು’ ಎಂಬ ಹೆಸರಿನಲ್ಲಿ ಬೇರೊಂದು ಬಾಗಿಲು ತೆರೆಯಿತು. ಪದವಿಯ ಕೊನೆಯ ವರ್ಷದಲ್ಲಿರುವಾಗಲೇ ಅರ್ಜಿ ಹಾಕುವುದು, ಆಯ್ಕೆಯಾದರೆ ಸ್ಥಾನವನ್ನು ಕಾದಿರಿಸಿಕೊಂಡು ಕನಿಷ್ಠ ಎರಡು ವರ್ಷ ಹೊರಗೆ ದುಡಿಯುವುದು, ಅನಂತರ ಎರಡು ವರ್ಷದ ವ್ಯಾಸಂಗಕ್ಕೆ ಸೇರುವುದು. ಸ್ಟ್ಯಾನ್‌ಫರ್ಡ್, ವಾರ್ಟನ್, ಷಿಕಾಗೋ, ಕೊಲಂಬಿಯಾ ಮುಂತಾದ ಹೆಸರಾಂತ ಶಾಲೆಗಳಲ್ಲಿಯೂ ಇಂಥ ಮುಂಗಡ ಪ್ರವೇಶವುಂಟು. ನಮ್ಮಲ್ಲಿ ಹೈದರಾಬಾದಿನ ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್ಸು ಇದೇ ಮಾದರಿಯ ವ್ಯವಸ್ಥೆಯೊಂದನ್ನು ಹಲವು ವರ್ಷ ನಡೆಸಿಕೊಂಡು ಬಂದಿತು. ಬೆಂಗಳೂರಿನ ಐಐಎಂನಂಥ ಸಂಸ್ಥೆಗಳಾದರೋ ‘ಕ್ಯಾಟ್’ ಪರೀಕ್ಷೆಯ ಮೂಲಕ ಪದವಿ ಮುಗಿಸಿದವರನ್ನು ನೇರವಾಗಿಯೇ ಸೇರಿಸಿಕೊಳ್ಳುವುದರಿಂದ, ಕಾದಿರಿಸುವ ಮಾತು ನಮ್ಮ ಜನರಿಗೆ ಇನ್ನೂ ಹೊಸದು.

ಆ ಹೊಸ ಮಾತು ಒಂದು ದಿನ ತಿಪಟೂರಿನ ಕೊಬ್ಬರಿ ಮಂಡಿಯೊಂದಕ್ಕೂ ಬಂತು. ಮೂರು ತಲೆಮಾರಿನಿಂದ ಮಂಡಿ ನಡೆಸುತ್ತಿರುವ ಶ್ರಾವಕ ಕುಟುಂಬವದು. ಮೂಲ ತುರುವೇಕೆರೆ ತಾಲ್ಲೂಕಿನ ಹಳ್ಳಿ. ಮನೆಯ ಮೊಮ್ಮಗಳು ಊರಿನ ಕಾಲೇಜಿನಲ್ಲೇ ಬಿ.ಕಾಂ. ಅಂತಿಮ ವರ್ಷದಲ್ಲಿದ್ದಳು. ಹಾರ್ವರ್ಡಿಗೆ ಅರ್ಜಿ ಹಾಕುವೆನೆಂದು ಅವಳು ಹೇಳಿದಾಗ ಮನೆಯವರು ನಗಲಿಲ್ಲ. ಅದೇ ಅವರ ದೊಡ್ಡತನ. ಆದರೆ ಯಾರನ್ನು ಕೇಳಬೇಕೆಂಬುದು ತಿಳಿಯದೆ, ಬಸದಿಯ ಟ್ರಸ್ಟಿನಲ್ಲಿ ವಿದ್ಯಾರ್ಥಿನಿಧಿಯನ್ನು ನೋಡಿಕೊಳ್ಳುತ್ತಿದ್ದ ನಿವೃತ್ತ ವಾಣಿಜ್ಯಶಾಸ್ತ್ರದ ಅಧ್ಯಾಪಕರ ಬಳಿಗೆ ಕಡತವನ್ನು ತಂದರು.

“ಮೇಷ್ಟ್ರೇ, ಹುಡುಗಿಗೆ ಸಿಕ್ಕುತ್ತದೋ ಇಲ್ಲವೋ, ಒಂದು ಮಾತು ಹೇಳಿಬಿಡಿ. ಮಿಕ್ಕದ್ದು ನಮಗೆ ಬಿಡಿ” ಎಂದರು ಅಜ್ಜ.

ಒಂದು ಮಾತಿನಲ್ಲಿ ಹೇಳುವ ವಿಷಯವೇ ಅದು? ಆದರೂ ಮೇಷ್ಟ್ರು ವಾರವಿಡೀ ಆ ಕಡತದೊಂದಿಗೆ ಕುಳಿತರು. ಅಂಕಗಳು ಪ್ರಥಮ ದರ್ಜೆಗೂ ಮೇಲಿದ್ದವು. ಪದವಿ ಮೂರೇ ವರ್ಷದ್ದೆಂಬ ಅಂಜಿಕೆ ಅವಳಿಗಿತ್ತು. ಭಾರತದ ಮೂರು ವರ್ಷದ ಪದವಿಯನ್ನು ಹಾರ್ವರ್ಡು ಒಪ್ಪುತ್ತದೆಯಾದ್ದರಿಂದ ಅದು ತೊಡಕಲ್ಲ. ಜಿಮ್ಯಾಟ್ ಪರೀಕ್ಷೆಯಲ್ಲಿ ಬಂದದ್ದು 615. ಪರೀಕ್ಷೆಯ ಸ್ವರೂಪ ಬದಲಾಗಿ 2024ರಿಂದ 205ರಿಂದ 805ರವರೆಗಿನ ಹೊಸ ಮಾಪನವೊಂದೇ ಉಳಿದಿದೆ. ಇದರಲ್ಲಿ 645 ಎಂಬುದು ಹಿಂದಿನ 700ಕ್ಕೆ ಸಮೀಪ. ಏಳನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಗೆ 615 ಸಣ್ಣ ಸಾಧನೆಯಲ್ಲ. ಹಾರ್ವರ್ಡಿಗೆ ಆಯ್ಕೆಯಾಗುವವರ ನಡುಮಟ್ಟ ಮಾತ್ರ ಇದಕ್ಕಿಂತ ಬಹಳ ಮೇಲಿದೆ. ಪ್ರಪಂಚದ ಒಳ್ಳೊಳ್ಳೆಯ ವಿದ್ಯಾರ್ಥಿಗಳೇ ಅರ್ಜಿ ಹಾಕುವ ಆ ಯೋಜನೆಯಲ್ಲಿ ಸ್ಥಾನ ಸಿಕ್ಕುವುದು ಸುಮಾರು ಹತ್ತರಲ್ಲಿ ಒಬ್ಬರಿಗೆ, ಕೆಲವು ವರ್ಷ ಅಷ್ಟೂ ಇಲ್ಲ. ಈ ಅಂಕದೊಡನೆ ಅವಳ ಸಂಭವ ಆ ಹತ್ತರಲ್ಲಿ ಒಂದಕ್ಕಿಂತ ಕಡಿಮೆ ಎಂದು ಮೇಷ್ಟ್ರು ಬರೆದುಕೊಂಡರು.

ಆದರೆ ತಕ್ಕಡಿಯ ಇನ್ನೊಂದು ತಟ್ಟೆಯೂ ಇತ್ತು. ಬ್ಯಾಂಕು, ಸಲಹಾ ಕಂಪನಿಗಳ ಹೆದ್ದಾರಿಯಿಂದಲೇ ಬರುವವರಿಗಿಂತ, ಸರಕು ತಯಾರಿಸುವ, ಮಾರುವ ಉದ್ದಿಮೆಗಳಲ್ಲಿ ದುಡಿಯಲಿರುವವರಿಗೆ, ತಾಂತ್ರಿಕ ಕೆಲಸಕ್ಕೆ ಹೋಗುವವರಿಗೆ, ಕಡಿಮೆ ಅನುಕೂಲದ ಮನೆಗಳಿಂದ ಬಂದವರಿಗೆ ಒಲವು ತೋರುವುದಾಗಿ ಆ ಯೋಜನೆಯವರು ತಾವೇ ಹೇಳಿಕೊಂಡಿದ್ದಾರೆ. ಕೊಬ್ಬರಿ ಮಂಡಿಯ ಹುಡುಗಿಯಂಥ ಅರ್ಜಿದಾರರು ಅವರಿಗೆ ದಿನವೂ ಸಿಕ್ಕುವುದಿಲ್ಲ. ಹಾಗಾದರೆ ಅವಳು ಮಾಡಿದ್ದೇನು?

ಮಾಡಿದ್ದು ಇಷ್ಟು. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದಾಗ ತಿಪಟೂರು ಮಾರುಕಟ್ಟೆಯ ಧಾರಣೆ 8,000ಕ್ಕಿಂತ ಕೆಳಗಿಳಿದಿತ್ತು. 2024ರ ಆರಂಭದಲ್ಲಿ ನಾಫೆಡ್ ಖರೀದಿಗೆ ಹೆಸರು ನೋಂದಾಯಿಸಲು ರೈತರು ಸಾಲುಗಟ್ಟಿ ನಿಂತರು. ಎಫ್‌ಐಡಿ ಸಂಖ್ಯೆ ಇಲ್ಲದವರು, ಪಹಣಿ ಇನ್ನೂ ತಾತನ ಹೆಸರಿನಲ್ಲೇ ಇದ್ದವರು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದವರು ಹಿಂದಿರುಗಿ ಹೋಗುತ್ತಿದ್ದರು. ಆಗ ಈ ಹುಡುಗಿ ತಮ್ಮ ಮಂಡಿಗೆ ಮಾಲು ತರುವ ಎರಡು ಹಳ್ಳಿಗಳ 43 ಮನೆಗಳಿಗೆ ಹೋಗಿ, ಮೂರು ವಾರ ಕಾಗದಪತ್ರ ಹೊಂದಿಸಿಕೊಟ್ಟಳು. ಆ ಮಾಲು ನಾಫೆಡ್ ಕೇಂದ್ರಕ್ಕೆ ಹೋಯಿತು. ಎಂದರೆ, ಮಂಡಿಗೆ ಬರಲಿಲ್ಲ. ತಾತನ ದಲಾಲಿಗೆ ಅಷ್ಟರಮಟ್ಟಿಗೆ ಖೋತಾ.

ಕಡತದಲ್ಲಿ ಇದರ ಕಥೆ ಬೇರೆಯಾಗಿತ್ತು. ಬೆಂಗಳೂರಿನ ಸಲಹಾ ಸಂಸ್ಥೆಯೊಂದು ಲಕ್ಷಗಟ್ಟಲೆ ಶುಲ್ಕ ಹೇಳಿ, ಮಾದರಿಗೆಂದು ಪ್ರಬಂಧವೊಂದನ್ನು ಬರೆದುಕೊಟ್ಟಿತ್ತು. ಅದರಲ್ಲಿ 43 ಮನೆಗಳು 2,000 ರೈತರಾಗಿದ್ದವು. ಮೂರು ವಾರ ಮೂರು ವರ್ಷವಾಗಿತ್ತು. ಇಲ್ಲದ ಸಂಸ್ಥೆಯೊಂದು ಹುಟ್ಟಿ, ಹುಡುಗಿ ಅದರ ಸಂಸ್ಥಾಪಕಿಯಾಗಿದ್ದಳು. ಆ ಸಂಸ್ಥೆಗೆ ಬಸದಿಯ ಟ್ರಸ್ಟು ಆಶ್ರಯ ಕೊಟ್ಟಿದೆಯೆಂದು ಲೆಟರ್‌ಹೆಡ್ಡಿನ ಮೇಲೆ ಮೇಷ್ಟ್ರು ಸಹಿ ಮಾಡಬೇಕಿತ್ತು. ಅರ್ಜಿಗೆ ಬೇಕಾದ ಎರಡು ಶಿಫಾರಸು ಪತ್ರಗಳಲ್ಲಿ ಎರಡನೆಯದು ಅದೇ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಮಗುವಿನ ಭವಿಷ್ಯಕ್ಕಾಗಿ ಒಂದು ಸಹಿ ತಾನೆ, ಯಾರಿಗೇನು ನಷ್ಟ ಎನ್ನುವವರು ನಮ್ಮ ಟ್ರಸ್ಟುಗಳಲ್ಲಿ ಇಲ್ಲದಿಲ್ಲ. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು, ಎಂದರೆ ಸುಳ್ಳು ಬರಹವನ್ನು, ಬೇರೆಯಾಗಿಯೇ ಎಣಿಸಿರುವುದು ವ್ಯಾಪಾರಿಗಳ ಸಮಾಜಕ್ಕೆ ಅದರ ಆಕರ್ಷಣೆ ಎಷ್ಟೆಂಬುದು ಆಚಾರ್ಯರಿಗೆ ತಿಳಿದಿದ್ದರಿಂದಲೇ ಇರಬೇಕು. ನಷ್ಟವೂ ಇಲ್ಲದಿಲ್ಲ. 2019ರ ಮಾರ್ಚ್ ತಿಂಗಳಲ್ಲಿ ಅಮೆರಿಕದಲ್ಲಿ ಬಯಲಾದ ಪ್ರವೇಶ ಹಗರಣದಲ್ಲಿ ಶ್ರೀಮಂತ ತಂದೆತಾಯಿಗಳು ಮಕ್ಕಳ ಪರೀಕ್ಷೆಯ ಅಂಕಗಳನ್ನು ತಿದ್ದಿಸಿ, ಆಡದ ಆಟದಲ್ಲಿ ಅವರನ್ನು ಆಟಗಾರರನ್ನಾಗಿಸಿ ಸಿಕ್ಕಿಬಿದ್ದರು. ಮಧ್ಯವರ್ತಿಯಾಗಿದ್ದ ರಿಕ್ ಸಿಂಗರ್ ಎಂಬಾತನಿಗೆ 2023ರಲ್ಲಿ ಮೂರೂವರೆ ವರ್ಷ ಸೆರೆವಾಸವಾಯಿತು. ಆಯ್ಕೆಯಾದವರ ದಾಖಲೆಗಳನ್ನು ಮತ್ತೆ ಪರಿಶೀಲಿಸುವ ಪದ್ಧತಿ ವ್ಯವಹಾರಾಡಳಿತ ಶಾಲೆಗಳಲ್ಲಿಯೂ ಇದೆ. ಆದರೆ ಮೇಷ್ಟ್ರ ತಕರಾರು ಸಿಕ್ಕಿಬೀಳುವ ಭಯದ್ದಲ್ಲ, ಲೆಕ್ಕದ್ದು. ಸುಳ್ಳು ಪ್ರಬಂಧ ಅವಳ ಸಂಭವವನ್ನು ಹೆಚ್ಚಿಸುವ ಬದಲು ಕುಗ್ಗಿಸುತ್ತದೆ ಎಂಬುದು ಅವರ ವಾದ. ರೈತರನ್ನು ಉದ್ಧರಿಸಿದ ಸಂಸ್ಥಾಪಕರು ಆ ಅರ್ಜಿಗಳ ರಾಶಿಯಲ್ಲಿ ಎಷ್ಟಿಲ್ಲ! ಸ್ವಂತ ಮನೆಯ ವ್ಯಾಪಾರಕ್ಕೆ ಖೋತಾ ಮಾಡಿ 43 ಮನೆಗಳಿಗೆ ಪಹಣಿ ಹೊಂದಿಸಿದವಳು ಒಬ್ಬಳೇ. ಸಲಹೆಗಾರರು ಅವಳ ಏಕಮಾತ್ರ ಸರಕನ್ನೇ ಕಲಬೆರಕೆ ಮಾಡಿಟ್ಟಿದ್ದರು.

ಹುಡುಗಿಯನ್ನು ಕೂರಿಸಿಕೊಂಡು ಮೇಷ್ಟ್ರು ಕೇಳಿದರಂತೆ: “ತಾತನ ದಲಾಲಿ ತಪ್ಪುತ್ತದೆಂದು ಗೊತ್ತಿದ್ದೇ ಹೋದೆಯೇನಮ್ಮ?”

“ಗೊತ್ತಿತ್ತು ಸರ್. ಆದರೆ ಅವರು ನಮ್ಮ ಮಂಡಿಯ ರೈತರು. ಅವರು ತೋಟ ಮಾರಿಕೊಂಡರೆ ಮುಂದಿನ ವರ್ಷ ಮಾಲು ತರುವವರು ಯಾರು?”

ಕರುಣೆಯೋ ಜಾಣತನವೋ ಎಂದು ಬೇರ್ಪಡಿಸಲಾಗದ ಈ ಉತ್ತರವನ್ನು ಕೇಳಿದ ಮೇಲೆ ಮೇಷ್ಟ್ರು ತಮ್ಮ ಅಂದಾಜನ್ನು ಕೊಂಚ ತಿದ್ದಿಕೊಂಡರು. ಸಂದರ್ಶನದವರೆಗೆ ಹೋದರೆ ಹುಡುಗಿ ನಿಲ್ಲುತ್ತಾಳೆ. ಅಲ್ಲಿಯವರೆಗೆ ಹೋಗುವುದೇ ಕಷ್ಟ.

ಮನೆಯವರಿಗೆ ಅವರು ಹೇಳಿದ್ದು ಹೀಗೆ. ಅರ್ಜಿ ಹಾಕಲಿ, ಆದರೆ ಅವಳೇ ಬರೆಯಲಿ. ಸಿಕ್ಕದಿರುವ ಸಂಭವವೇ ಹೆಚ್ಚು. ಸಿಕ್ಕದಿದ್ದರೆ ಬಾಗಿಲು ಮುಚ್ಚಿತೆಂದಲ್ಲ. ಎರಡು ಮೂರು ವರ್ಷ ದುಡಿದು ಎಲ್ಲರಂತೆ ಮತ್ತೆ ಅರ್ಜಿ ಹಾಕಬಹುದು, ನವೆಂಬರಿನ ಕ್ಯಾಟ್ ಪರೀಕ್ಷೆಯೂ ಇದೆ. ಆ ದುಡಿಮೆ ಸ್ವಂತ ಮಂಡಿಯಲ್ಲಿ ಬೇಡ, ಇನ್ನೊಬ್ಬರ ಕೈಕೆಳಗೆ ಇರಲಿ. ಇನ್ನು ಹಣ: ಹಾರ್ವರ್ಡಿನ ಬೋಧನಾ ಶುಲ್ಕವೇ ವರ್ಷಕ್ಕೆ 75,000 ಡಾಲರಿಗೆ ಮೀರಿದೆ. ಡಾಲರಿಗೆ 85 ರೂಪಾಯಿ ಹಿಡಿದರೂ 63,75,000 ರೂಪಾಯಿ. 2024ರ ಬೆಂಬಲ ಬೆಲೆಯಾದ 12,000ದ ಲೆಕ್ಕದಲ್ಲಿ 531 ಕ್ವಿಂಟಾಲ್ ಉಂಡೆ ಕೊಬ್ಬರಿ. ಇದು ಒಂದು ವರ್ಷದ್ದು, ಊಟ ವಸತಿ ಬೇರೆ. ಅಲ್ಲಿನ ಸಹಾಯಧನ ಅಂಕ ನೋಡಿ ಕೊಡುವುದಲ್ಲ, ಮನೆಯ ಅಗತ್ಯ ನೋಡಿ ಕೊಡುವುದು. ಸ್ಥಾನ ಸಿಕ್ಕಿದರೆ ಅದನ್ನು ಕೇಳಬೇಕು, ಸಾಲವನ್ನೂ ಯೋಚಿಸಬೇಕು. ತೋಟ ಮಾರುವ ಮಾತು ಮಾತ್ರ ಆಡಬಾರದು.

ಪತ್ರದ ಮಾತು ಬಂದಾಗ ಹುಡುಗಿಯ ತಂದೆ ಸುಮ್ಮನಾದರು. ಸಲಹಾ ಸಂಸ್ಥೆಗೆ ಮುಂಗಡ ಕೊಟ್ಟಾಗಿತ್ತು. ಟ್ರಸ್ಟಿನ ಇಬ್ಬರು ಸದಸ್ಯರೂ ‘ಮೇಷ್ಟ್ರು ಬಹಳ ಬಿಗಿ’ ಎಂದು ಅವರ ಪರವಾಗಿದ್ದರು. ಸಹಿ ಬೇಕಾದರೆ ಬೇರೆಯವರಿಂದ ಹಾಕಿಸಿಕೊಳ್ಳಿ, ನಿಧಿಯ ಹೊಣೆಯನ್ನೂ ಅವರಿಗೇ ಒಪ್ಪಿಸುತ್ತೇನೆ ಎಂದು ಮೇಷ್ಟ್ರು ಹೇಳಿದ್ದರು. ಮೌನ ಮುರಿದವರು ಅಜ್ಜ. “ನಲವತ್ತಮೂರೇ ಮನೆ ಎಂದು ಬರೆಯಿರಿ. ನಮಗೆ ದಲಾಲಿ ತಪ್ಪಿದ್ದನ್ನೂ ಬರೆಯಿರಿ. ಆಗ ನಾನು ಅವಳನ್ನು ಬೈದದ್ದನ್ನೂ ಬೇಕಾದರೆ ಬರೆಯಿರಿ” ಎಂದರು.

ಮೇಷ್ಟ್ರು ಬೈದದ್ದನ್ನು ಬಿಟ್ಟು ಮಿಕ್ಕದ್ದನ್ನು ಬರೆದರು. 2025ರ ಏಪ್ರಿಲ್ ತಿಂಗಳಲ್ಲಿ ಅರ್ಜಿ ಹೋಯಿತು. ಸಂದರ್ಶನಕ್ಕೆ ಕರೆ ಬರಲಿಲ್ಲ. ಹುಡುಗಿ ಎರಡು ದಿನ ಮಂಕಾಗಿದ್ದು, ಮೂರನೆಯ ದಿನ ಮಂಡಿಗೆ ಬಂದು ಕುಳಿತಳು. ಆ ವರ್ಷ ಧಾರಣೆ 20,000 ರೂಪಾಯಿ ದಾಟಿ, ಅಟ್ಟದಲ್ಲಿ ಮಾಲಿದ್ದವರೆಲ್ಲ ಮಾರುಕಟ್ಟೆಗೆ ಧಾವಿಸುತ್ತಿದ್ದ ಕಾಲ. 43 ಮನೆಗಳವರ ಮಾಲೂ ಈ ಸಲ ಮಂಡಿಗೇ ಬಂತು. ಹಂಗಾಮು ಮುಗಿದ ಮೇಲೆ ಅವಳು ಆಹಾರ ಪದಾರ್ಥ ತಯಾರಿಸುವ ಕಾರ್ಖಾನೆಯೊಂದರ ಖರೀದಿ ವಿಭಾಗಕ್ಕೆ ಸೇರಿದಳು. ಜಿಮ್ಯಾಟನ್ನು ಮತ್ತೆ ಬರೆಯುವಳಂತೆ.

ಟ್ರಸ್ಟಿನ ಶಿಫಾರಸು ಪತ್ರದ ನಮೂನೆಗೆ ಈಗ ಒಂದು ಕಲಂ ಹೆಚ್ಚಾಗಿ ಸೇರಿದೆ: ‘ಸಹಿ ಮಾಡುವವರು ಸ್ವತಃ ಕಂಡದ್ದು’. ಅದನ್ನು ಖಾಲಿ ಬಿಟ್ಟ ಪತ್ರಕ್ಕೆ ಮೊಹರು ಒತ್ತುವುದಿಲ್ಲ.